ಸೌಟು ಯಾರ ಕೈಲಿದೆ?

ಸೇವೆ ಅನ್ನೋ ಮಾತು ಕೇಳಿದರೆ ನಮಗೆ ಮೊದಲು ಬರೋದು ಭಕ್ತಿಯಲ್ಲ, ಅನುಮಾನ. ಯಾಕಂದರೆ ಈ ನಾಡಿನಲ್ಲಿ ನಮ್ಮ ಜನ ಮಾಡಿದಷ್ಟು ಸೇವೆಯನ್ನು ಯಾವ ಸಂತನೂ ಮಾಡಿಲ್ಲ. ಸತ್ತ ದನ ಎಳೆದದ್ದು ಸೇವೆ. ಊರ ಹಬ್ಬಕ್ಕೆ ತಮಟೆ ಬಡಿದದ್ದು ಸೇವೆ. ಗೌಡರ ಹಿತ್ತಲಲ್ಲಿ ಸೌದೆ ಒಡೆದದ್ದು ಸೇವೆ. ಸಾವಿನ ಸುದ್ದಿ ಹೊತ್ತು ಹತ್ತೂರು ನಡೆದದ್ದು ಸೇವೆ. ಪಟ್ಟಣದವರ ಮಲವನ್ನು ತಲೆ ಮೇಲೆ ಹೊತ್ತದ್ದೂ ಸೇವೆಯೇ. ಕೂಲಿ ಕೇಳಿದ ದಿನ ಮಾತ್ರ ಅದು ಸೇವೆ ಅಲ್ಲ, ಸೊಕ್ಕು. ಬಿಟ್ಟಿ ಚಾಕರಿಗೆ ಒಂದು ಒಳ್ಳೇ ಹೆಸರಿಟ್ಟು ಅದನ್ನೇ ಪುಣ್ಯ ಅಂತ ನಂಬಿಸಿದ ದೇಶ ಇದು.

ಹೀಗಿರುವಾಗ ನಮ್ಮದೇ ಕಾಲೋನಿಯ ಒಬ್ಬ ಮನುಷ್ಯನಿಗೆ 'ಸಭಾಸೇವಕ' ಅನ್ನೋ ಪದವಿ ಸಿಕ್ಕಿತ್ತು. ಕನ್ನಡ ಬೈಬಲಿನಲ್ಲಿ ಡೀಕನ್ ಅನ್ನೋದಕ್ಕೆ ಇರುವ ಮಾತು ಅದೇ. ಹುಟ್ಟಿನಿಂದಲೇ ಸೇವಕ ಅನ್ನಿಸಿಕೊಂಡವನಿಗೆ ಮತ್ತೆ ಸೇವಕ ಅನ್ನೋ ಬಿರುದು ಯಾಕೆ? ಚಳುವಳಿಗೆ ಬಂದ ಹೊಸದರಲ್ಲಿ ನಾವು ಈ ಪ್ರಶ್ನೆಯನ್ನು ಅವರ ಮುಖಕ್ಕೇ ಕೇಳಿದ್ದೆವು. ಅವರು ಬಾಯಲ್ಲಿ ಕೊಟ್ಟ ಉತ್ತರ ಸಣ್ಣದು. ಬದುಕಿ ಕೊಟ್ಟ ಉತ್ತರ ದೊಡ್ಡದು. ಈ ಬರಹ ಆ ಎರಡನೇ ಉತ್ತರದ ಬಗ್ಗೆ.

ಅವರು ಕೋಲಾರ ಸೀಮೆಯ ಒಂದು ಸಣ್ಣ ಪಟ್ಟಣದ ಪೌರಕಾರ್ಮಿಕರು. ಹೆಸರು ಹಿಡಿದು ಕರೆದವರನ್ನು ನಾವು ನೋಡಿಲ್ಲ. ದೊಡ್ಡವರಿಗೆ ಡೀಕನಯ್ಯ, ನಮಗೆ ತಾತ. ನಮ್ಮ ಕಾಲೋನಿಯ ಮನೆಮಾತು ತೆಲುಗು, ಪಕ್ಕದ ಸಾಲಿನವರದು ತಮಿಳು, ಇಸ್ಕೂಲಿನದು ಕನ್ನಡ. ಡೀಕನಯ್ಯ ಇಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ತೆಲುಗು ಓದೋದನ್ನು ಬೈಬಲಿನಿಂದ ಕಲಿತರು, ಕನ್ನಡ ಓದೋದನ್ನು ಬೀದಿ ಗುಡಿಸುತ್ತಾ ಅಂಗಡಿ ಬೋರ್ಡುಗಳಿಂದ ಕಲಿತರು. "ನನ್ನ ಒಂದನೇ ಪಾಠ ಬಟ್ಟೆ ಅಂಗಡಿ, ಎರಡನೇ ಪಾಠ ಸಾರಾಯಿ ಅಂಗಡಿ ಕಣ್ರಪ್ಪಾ" ಅಂತ ನಗಾಡುತ್ತಿದ್ದರು.

ಅವರ ಹಿರಿಯರು ಒಂಗೋಲು ಕಡೆಯಿಂದ ಬಂದವರಂತೆ. ಆ ಕಡೆಯ ಕತೆ ನಮ್ಮ ಮಾಸ್ತರರ ಪಾಠದಲ್ಲಿ ಬರುವುದಿಲ್ಲ, ಅದಕ್ಕೇ ಇಲ್ಲಿ ಎರಡು ಮಾತು. 1866ರಲ್ಲಿ ಯೆರ್ರಗುಂಟ್ಲ ಪೆರಯ್ಯ ಅನ್ನೋ ಒಬ್ಬ ಮಾದಿಗರು, ಚರ್ಮದ ವ್ಯಾಪಾರ ಮಾಡಿಕೊಂಡಿದ್ದವರು, ಒಂಗೋಲಿನ ಬ್ಯಾಪ್ಟಿಸ್ಟ್ ಮಿಷನ್ನಿಗೆ ಸೇರಿದರು. ಊರೂರು ನಡೆದು ತಮ್ಮ ಜನಕ್ಕೆ ಮಾತು ಮುಟ್ಟಿಸಿದವರು ಅವರು, ದೊರೆಗಳಲ್ಲ. ಹತ್ತು ವರ್ಷ ಕಳೆಯೋ ಹೊತ್ತಿಗೆ 1876-78ರ ದೊಡ್ಡ ಬರ ಬಂತು. ಕ್ಲೌ ಅನ್ನೋ ಅಮೆರಿಕದ ಪಾದ್ರಿ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗ ಅಗೆಯೋ ಕಂಟ್ರಾಕ್ಟು ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಗಂಜಿ ಕೊಡಲಿಲ್ಲ, ಕೂಲಿ ಕೊಟ್ಟ. ಮೇಸ್ತ್ರಿಗಳಾಗಿ ನಮ್ಮವರನ್ನೇ ನಿಲ್ಲಿಸಿದ. 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಮಾಡಿಸಿಕೊಂಡರು, ಬಹುಪಾಲು ಮಾದಿಗರು. ಅನ್ನಕ್ಕಾಗಿ ಧರ್ಮ ಬಿಟ್ಟರು ಅಂತ ಮೇಲಿನವರು ಇವತ್ತೂ ಆಡಿಕೊಳ್ಳುತ್ತಾರೆ. ಅನ್ನ ಕೊಡದ ಧರ್ಮವನ್ನು ಯಾಕೆ ಹಿಡಿದುಕೊಂಡಿರಬೇಕಿತ್ತು ಅಂತ ಮಾತ್ರ ಅವರು ಹೇಳುವುದಿಲ್ಲ.

ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಡೀಕನ್ ಅಂದರೆ ಪಾದ್ರಿಯಲ್ಲ, ಸಂಬಳದವನೂ ಅಲ್ಲ. ಸಭೆಯ ಜನ ತಮ್ಮೊಳಗಿಂದ ಆರಿಸಿದ ಒಬ್ಬ ದುಡಿಯೋ ಮನುಷ್ಯ. ಬಡವರ ಪಾಲಿನ ಹಣ ಅವನ ಕೈಲಿ. ರೋಗಿಗಳನ್ನು ನೋಡೋದು ಅವನು. ಪ್ರಭು ಭೋಜನದ ದಿನ ರೊಟ್ಟಿ ಮತ್ತು ದ್ರಾಕ್ಷಾರಸದ ತಟ್ಟೆ ಹಿಡಿದು ಸಾಲುಸಾಲಾಗಿ ಹಂಚೋನೂ ಅವನೇ. ಗ್ರೀಕಿನ 'ದಿಯಾಕೊನೊಸ್' ಅನ್ನೋ ಮಾತಿಗೆ ಊಟ ಬಡಿಸೋನು, ಓಡಾಡಿ ಕೆಲಸ ಮಾಡಿಕೊಡೋನು ಅಂತ ಅರ್ಥ. 'ಧೂಳಿನ ನಡುವೆ ಹೋಗೋನು' ಅಂತಲೂ ಹಿಂದೆ ಕೆಲವರು ಅರ್ಥ ಹೇಳಿದ್ದುಂಟು. ಭಾಷಾಶಾಸ್ತ್ರದವರು ಅದನ್ನು ಒಪ್ಪುವುದಿಲ್ಲ. ಬೆಳಗಿನ ಜಾವ ಐದಕ್ಕೆ ಹಾಜರಿ ಹಾಕಿ ಬಸ್ ನಿಲ್ದಾಣದ ಧೂಳು ಗುಡಿಸುತ್ತಿದ್ದ ನಮ್ಮ ಡೀಕನಯ್ಯನಿಗೆ ಭಾಷಾಶಾಸ್ತ್ರದವರ ಒಪ್ಪಿಗೆ ಬೇಕಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಪುರಸಭೆಯ ಕೆಲಸ ಮುಗಿಸಿ, ತಲೆಗೆ ನೀರು ಹುಯ್ಕೊಂಡು, ಬಿಳೀ ಅಂಗಿ ತೊಟ್ಟರೆ ಅವರ ಎರಡನೇ ಕೆಲಸ ಶುರು. ಕೈಲಿ ಒಂದು ಉದ್ದನೆ ಲೆಕ್ಕದ ಪುಸ್ತಕ, ಕಂಕುಳಲ್ಲಿ ಒಂದು ಡಾಲ್ಡಾ ಡಬ್ಬಿ. ಕಾಲೋನಿಯ ಹೆಂಗಸರು ಮುದ್ದೆಗೆ ಹಿಟ್ಟು ತೆಗೆಯೋವಾಗ ಒಂದು ಹಿಡಿ ರಾಗಿ ಪಕ್ಕಕ್ಕೆ ಇಡುತ್ತಿದ್ದರು. ವಾರಕ್ಕೊಮ್ಮೆ ಆ ಹಿಡಿಗಳು ಡಬ್ಬಿಗೆ ಬೀಳುತ್ತಿದ್ದವು, ಡಬ್ಬಿಯಿಂದ ಮೂಟೆಗೆ. ಗಂಡ ಸತ್ತ ಮನೆ, ಬಾಣಂತಿಯ ಮನೆ, ಟಿಬಿ ಬಂದು ಮಲಗಿದವನ ಮನೆ, ಕುಡಿದು ಸಂಬಳ ಕಳೆದವನ ಹೆಂಡತಿ ಮಕ್ಕಳ ಮನೆ ಅಂತ ಮೂಟೆ ಮತ್ತೆ ಹಂಚಿಹೋಗುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಕೊಟ್ಟವರ ಹೆಸರೆಲ್ಲ ಇರುತ್ತಿತ್ತು, ತಗೊಂಡವರ ಹೆಸರು ಒಂದೂ ಇರುತ್ತಿರಲಿಲ್ಲ. ಬರೀ ಸೇರಿನ ಲೆಕ್ಕ. ಯಾಕೆ ತಾತ ಅಂದರೆ, "ಕೊಟ್ಟೋರು ಲೆಕ್ಕ ಕೇಳಬಹುದು, ಅದು ಅವ್ರ ಹಕ್ಕು. ತಗೊಂಡೋರ ಹೆಸರು ಯಾರಿಗ್ ಬೇಕು? ನಾಳೆ ಜಗಳದಾಗೆ ಎತ್ತಾಡೋಕಾ?" ಅನ್ನುತ್ತಿದ್ದರು.

ಆ ರಾಗಿ ಚರ್ಚಿಗೆ ಬರೋರಿಗೆ ಮಾತ್ರ ಅನ್ನೋ ಕಟ್ಟಲೆ ಇರಲಿಲ್ಲ. ಎಲ್ಲಮ್ಮನ ಪೂಜೆ ಮಾಡೋ ಮನೆಗೂ ಹೋಗುತ್ತಿತ್ತು, ಗೋಡೆಗೆ ಬಾಬಾಸಾಹೇಬರ ಪಟ ಹಾಕಿದ ಮನೆಗೂ ಹೋಗುತ್ತಿತ್ತು. ಸಾವಾದರೆ ಗುಂಡಿ ತೋಡೋರನ್ನು ಕೂಡಿಸೋದು, ಪೆಟ್ಟಿಗೆಗೆ ಹಲಗೆ ತರೋದು, ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ ಬಿಡಿಸಿಕೊಳ್ಳೋದು, ಪಿಂಚಣಿ ಅರ್ಜಿ ಬರೆಸೋದು, ಸೇಟು ಹತ್ತಿರ ಒತ್ತೆಯಿಟ್ಟ ಹಿತ್ತಾಳೆ ಬಿಂದಿಗೆ ಬಿಡಿಸಿಕೊಡೋದು, ಎಲ್ಲಕ್ಕೂ ಡೀಕನಯ್ಯ. ಈ ಎಲ್ಲದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಅವರ ಹೆಂಡತಿ ಮಾಡುತ್ತಿದ್ದರು. ಹೆರಿಗೆ ಮನೆಗೆ ಹೋಗುತ್ತಿದ್ದವರು ಅವರು, ಹೆಂಗಸರ ಹೆಣ ತೊಳೆಯುತ್ತಿದ್ದವರು ಅವರು. ಪದವಿ ಮಾತ್ರ ಗಂಡನದು. ಪೌಲನು ರೋಮಿನವರಿಗೆ ಬರೆದ ಕಾಗದದಲ್ಲಿ ಕೆಂಖ್ರೆಯ ಊರಿನ ಫೊಯಿಬೆ ಅನ್ನೋ ಹೆಂಗಸಿಗೆ ಇದೇ 'ದಿಯಾಕೊನೊಸ್' ಅನ್ನೋ ಮಾತು ಹೇಳಿದ್ದಾನೆ. ಎರಡು ಸಾವಿರ ವರ್ಷದ ಹಿಂದೆ ಒಬ್ಬ ಹೆಂಗಸಿಗೆ ಸಿಕ್ಕ ಮಾತು ನಮ್ಮ ಸಭೆಯಲ್ಲಿ ಹೆಂಗಸರಿಗೆ ಸಿಗಲಿಲ್ಲ. ಇದನ್ನು ಬರೆಯದೆ ಡೀಕನಯ್ಯನನ್ನು ಹೊಗಳಿದರೆ ಅದು ಅರ್ಧ ಸುಳ್ಳಾಗುತ್ತದೆ.

ಈಗ ಆ ಮೂಲ ಕತೆಗೆ ಬರೋಣ. ಚರ್ಚಿನ ಪಡಸಾಲೆಯಲ್ಲಿ ಸೀಮೆಎಣ್ಣೆ ದೀಪ ಇಟ್ಟು ಡೀಕನಯ್ಯ ನಮಗೆ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ಓದಿಸುತ್ತಿದ್ದರು. ಇಷ್ಟೇ ಕತೆ. ಯೆರೂಸಲೇಮಿನಲ್ಲಿ ಮೊದಲ ಕ್ರೈಸ್ತರು ಎಲ್ಲವನ್ನೂ ಒಟ್ಟು ಹಾಕಿ ದಿನದ ಊಟ ಹಂಚಿಕೊಳ್ಳುತ್ತಿದ್ದರು. ಅವರಲ್ಲಿ ಎರಡು ಗುಂಪು. ಒಂದು ನಾಡಿನ ಇಬ್ರಿಯ ಮಾತಿನವರು, ಇನ್ನೊಂದು ಹೊರಗಿನಿಂದ ಬಂದ ಗ್ರೀಕು ಮಾತಿನವರು. ಗ್ರೀಕು ಮಾತಿನ ವಿಧವೆಯರಿಗೆ ಹಂಚಿಕೆಯಲ್ಲಿ ತಪ್ಪಿಹೋಗುತ್ತಿತ್ತು. ದೂರು ಎದ್ದಿತು. ಎಲ್ಲರೂ ಒಂದೇ ದೇವರ ಮಕ್ಕಳು ಅಂತ ದಿನಾ ಹೇಳೋ ಕಡೆಯೇ ಪಂಕ್ತಿಭೇದ!

ನಮ್ಮೂರ ಹಿರೀಕರಾಗಿದ್ದರೆ ಏನು ಮಾಡುತ್ತಿದ್ದರು? ಸುಮ್ನಿರ್ರಮ್ಮಾ, ದೇವರ ಪ್ರಸಾದದಲ್ಲಿ ಜಗಳ ತೆಗೀಬಾರದು ಅನ್ನುತ್ತಿದ್ದರು. ಇಲ್ಲಾ, ಒಂದು ಕಮಿಟಿ ಮಾಡಿ ಅದಕ್ಕೆ ತಾವೇ ಅಧ್ಯಕ್ಷರಾಗುತ್ತಿದ್ದರು. ಆ ಅಪೊಸ್ತಲರು ಹಾಗೆ ಮಾಡಲಿಲ್ಲ. ನೀವೇ ಏಳು ಜನರನ್ನು ಆರಿಸಿ ಅಂದರು. ಜನ ಆರಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಏಳಕ್ಕೆ ಏಳೂ ಗ್ರೀಕು ಹೆಸರು. ಅಂದರೆ ತುಳಿತಕ್ಕೆ ಒಳಗಾದ ಕಡೆಯವರನ್ನೇ ಆರಿಸಿದರು ಅಂತ ಬೈಬಲ್ ಪಂಡಿತರು ಊಹಿಸುತ್ತಾರೆ. ಡೀಕನಯ್ಯನಿಗೆ ಪಂಡಿತರ ಪುಸ್ತಕ ಗೊತ್ತಿರಲಿಲ್ಲ. ಆದರೂ ಹೆಸರುಗಳ ಮೇಲೆ ಬೆರಳಿಟ್ಟು ಅವರು ಹೇಳುತ್ತಿದ್ದದ್ದು ಇದೇ. "ನೋಡ್ರಪ್ಪಾ, ಯಾರ ತಟ್ಟೆ ಖಾಲಿ ಇತ್ತೋ ಅವ್ರ ಕೈಗೇ ಸೌಟು ಕೊಟ್ರು. ಇನ್ನೊಂದು ಸೌಟು ಜಾಸ್ತಿ ಬಡಿಸಿ ಸುಮ್ನಾಗಿಸ್ಲಿಲ್ಲ."

ಈ ಒಂದು ಮಾತು ನಮಗೆ ಆಗ ತಿಳಿದದ್ದಕ್ಕಿಂತ ಆಮೇಲೆ ಹೆಚ್ಚು ತಿಳಿಯಿತು. ದಾನಕ್ಕೂ ಹಕ್ಕಿಗೂ ಇರೋ ವ್ಯತ್ಯಾಸ ಇದೇ ತಾನೆ? ದಾನದಲ್ಲಿ ಸೌಟು ಕೊಡೋನ ಕೈಲೇ ಇರುತ್ತದೆ. ಮೀಸಲಾತಿಯನ್ನು ಭಿಕ್ಷೆ ಅನ್ನೋರು ಈ ಅಧ್ಯಾಯವನ್ನು ಓದಬೇಕು. ಹಾಗೇ, ಗಂಜಿಕೇಂದ್ರ ತೆರೆದು ಫೋಟೊ ತೆಗೆಸಿಕೊಳ್ಳೋ ಸಭೆಗಳವರೂ ಓದಬೇಕು.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಆ ಏಳರಲ್ಲಿ ಮೊದಲನೆಯವನಾದ ಸ್ತೆಫನ ಬಡಿಸುತ್ತಾ ಇದ್ದಷ್ಟು ದಿನ ಅವನ ತಂಟೆಗೆ ಯಾರೂ ಬರಲಿಲ್ಲ. ಬಾಯಿ ಬಿಟ್ಟು ಮಾತಾಡಿದ ಮೇಲೆ ಊರ ಹೊರಗೆ ಎಳೆದು ಕಲ್ಲಲ್ಲಿ ಹೊಡೆದು ಕೊಂದರು. 258ರಲ್ಲಿ ರೋಮಿನಲ್ಲಿ ಲಾರೆನ್ಸ್ ಅನ್ನೋ ಡೀಕನನನ್ನು ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ ಕೊಂದರು. ಚರ್ಚಿನ ನಿಧಿಯನ್ನು ತಂದೊಪ್ಪಿಸು ಅಂದಾಗ ಅವನು ಕುಂಟರು, ಕುರುಡರು, ವಿಧವೆಯರನ್ನು ಕರಕೊಂಡು ಹೋಗಿ ನಿಲ್ಲಿಸಿ, ಇದೇ ನಿಧಿ ಅಂದ ಅಂತ ಪರಂಪರೆ ಹೇಳುತ್ತದೆ. ಬಡಿಸೋ ಕೈ ಎಲ್ಲರಿಗೂ ಬೇಕು. ಅದೇ ಕೈ ಎತ್ತಿ ಪ್ರಶ್ನೆ ಕೇಳಿದರೆ ಯಾರಿಗೂ ಬೇಡ.

ಎಂಬತ್ತರ ದಶಕದಲ್ಲಿ ನಾವು ಸಂಘದ ಹುಡುಗರು. ಕೈಲಿ ಡೋಲು, ಬಗಲಲ್ಲಿ ಕರಪತ್ರ, ತಲೆ ತುಂಬಾ ಬಾಬಾಸಾಹೇಬರು. ಡೀಕನಯ್ಯನ ಜೊತೆ ನಮ್ಮ ಜಗಳ ಬಹಳ. "ತಾತ, ನೀವು ರಾಗಿ ಹಂಚಿ ಜನರ ಸಿಟ್ಟನ್ನು ತಣ್ಣಗೆ ಮಾಡ್ತಾ ಇದೀರಿ. ಹಸಿವು ಇದ್ದರೆ ತಾನೆ ದಂಗೆ ಏಳೋದು?" ಅಂತ ಒಬ್ಬ ಕೇಳಿದ. ತಾತ ಬೀಡಿ ಸೇದೋರಲ್ಲ, ಆದರೂ ಬೀಡಿ ಸೇದೋರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಸಿದೋನು ನಿಮ್ ಮೆರವಣಿಗೇಲಿ ಎಷ್ಟು ದೂರ ನಡೀತಾನಪ್ಪಾ? ತಾಲೂಕಾಫೀಸ್‌ವರೆಗೂ ಬತ್ತಾನಾ?" ಅಂದರು.

ಆ ಜಗಳ ತೀರಿದ್ದು ಮಾತಿನಲ್ಲಲ್ಲ. ಒಂದು ಬೇಸಿಗೆ, ಮೂರು ತಿಂಗಳ ಸಂಬಳ ಬಾಕಿ ಇಟ್ಟಿದ್ದಕ್ಕೆ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಮೊದಲ ಮೂರು ದಿನ ಪಟ್ಟಣ ಮೂಗು ಮುಚ್ಚಿಕೊಂಡಿತು. ನಾಲ್ಕನೇ ದಿನ ಕಾಲೋನಿಗೆ ಸಾಲ ಕೊಡೋ ಅಂಗಡಿಗಳು ಬಾಗಿಲು ಹಾಕಿದವು. ಅಧಿಕಾರಿಗಳ ಲೆಕ್ಕ ಸರಿಯಾಗೇ ಇತ್ತು: ಈ ಜನ ಒಂದು ವಾರ ಉಪವಾಸ ಬಿದ್ದರೆ ತಾವೇ ಬರುತ್ತಾರೆ. ಆ ಲೆಕ್ಕದಲ್ಲಿ ಸೇರದೇ ಇದ್ದದ್ದು ಡಾಲ್ಡಾ ಡಬ್ಬಿ. ಹಿಡಿ ಹಿಡಿಯಾಗಿ ಕೂಡಿದ್ದ ರಾಗಿ ಹನ್ನೊಂದು ದಿನ ಇಡೀ ಕಾಲೋನಿಗೆ ಅಂಬಲಿಯಾಯಿತು. ಚರ್ಚಿನ ಮುಂದೆ ಮೂರು ಕಲ್ಲಿಟ್ಟು ದೊಡ್ಡ ಹಂಡೆ ಏರಿಸಿ, ಡೀಕನಯ್ಯನ ಹೆಂಡತಿ ಸೌಟು ಹಿಡಿದು ನಿಂತರು. ಹನ್ನೆರಡನೇ ದಿನ ಸಂಬಳ ಬಂತು. ದಾನ ಒಂದೇ ಸಾಲದು ಅನ್ನೋ ನಮ್ಮ ಮಾತನ್ನು ನಾವು ಇವತ್ತೂ ಬಿಟ್ಟಿಲ್ಲ. ಸಾಕು ಅಂತ ಡೀಕನಯ್ಯನೂ ಯಾವತ್ತೂ ಹೇಳಿರಲಿಲ್ಲ.

ಇನ್ನೊಂದು ದಿನದ ಮಾತು. ಮಾರ್ಕೆಟ್ಟಿನ ಹಿಂದೆ ಗಟಾರದ ಗುಂಡಿ ಕಟ್ಟಿಕೊಂಡಿತ್ತು. ಕಂಟ್ರಾಕ್ಟರು ಹದಿನಾರು ಹದಿನೇಳರ ಒಬ್ಬ ಹುಡುಗನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸೋಕೆ ಹೊರಟಿದ್ದ. ಡೀಕನಯ್ಯ ಹೋಗಿ ಗುಂಡಿಯ ಬಾಯಿಗೆ ಅಡ್ಡ ಕೂತರು. "ಮೊದಲು ನಿಮ್ ಸಾಹೇಬರು ಇಳೀಲಿ, ಆಮೇಲೆ ನಾನು ಇಳೀತೀನಿ. ಈ ಕೂಸು ಇಳಿಯಂಗಿಲ್ಲ." ಆ ದಿನ ಅವರ ಕೈಲಿ ಯಾವ ಕಾಯಿದೆಯೂ ಇರಲಿಲ್ಲ. ಮಲ ಹೊರುವ ಪದ್ಧತಿ ಹೋಗಬೇಕು ಅಂತ ದೇವರಾಜ ಅರಸು ಸಂಪುಟದಲ್ಲಿ ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲೇ ಹೇಳಿ ನಿಷೇಧ ಮಾಡಿದ್ದರು, ನಿಜ. ಒಣ ಕಕ್ಕಸಿನ ವಿರುದ್ಧ ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಯಾವ ರಕ್ಷಣೆಯೂ ಇಲ್ಲದೆ ಮನುಷ್ಯರನ್ನು ಇಳಿಸೋದು ಅಪರಾಧ ಅಂತ ಕಾಯಿದೆ ಸ್ಪಷ್ಟವಾಗಿ ಹೇಳಿದ್ದು 2013ರಲ್ಲಿ. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಚರಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾಯೋರು ಮಾತ್ರ ಇನ್ನೂ ಸಾಯುತ್ತಲೇ ಇದ್ದಾರೆ. ಡೀಕನಯ್ಯನಿಗೆ ಆ ಅಡ್ಡ ಕೂತದ್ದಕ್ಕೆ ಸಿಕ್ಕದ್ದು ಮೂರು ದಿನದ ಸಂಬಳ ಕಡಿತ. ಆ ಹುಡುಗನಿಗೆ ಸಿಕ್ಕದ್ದು ಜೀವ.

ನಮ್ಮ ಸೀಮೆಯ ಮಣ್ಣಿನಿಂದಲೇ ಬೆಜವಾಡ ವಿಲ್ಸನ್ ಎದ್ದು ಬಂದದ್ದು ಇಲ್ಲಿ ನೆನೆಯಬೇಕು. 1966ರಲ್ಲಿ ಕೆ.ಜಿ.ಎಫ್.ನಲ್ಲಿ, ಕಕ್ಕಸು ಬಳಿಯೋ ಕೆಲಸಕ್ಕೆ ದೂಡಲ್ಪಟ್ಟ ಮನೆಯಲ್ಲಿ ಹುಟ್ಟಿ, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಪೊರಕೆಯನ್ನು ಹೊಗಳಬೇಡಿ, ಕಕ್ಕಸಿನ ಗುಂಡಿಯಿಂದ ನಮ್ಮನ್ನು ಬಿಡಿಸಿ ಅನ್ನೋದು ಆ ಚಳುವಳಿಯ ತಿರುಳು. ಅದು ಸೇವೆ ಅನ್ನೋ ಮಾತಿನ ಬಣ್ಣವನ್ನು ಬಯಲು ಮಾಡಿತು.

ಇನ್ನು ಚರ್ಚಿನ ಒಳಗಿನ ಜಾತಿ. ಗುಡಿಯ ಜಾತಿಯ ಬಗ್ಗೆ ಬರೆದವರು ಇಗರ್ಜಿಯ ಜಾತಿಯ ಬಗ್ಗೆ ಬಾಯಿ ಮುಚ್ಚಿಕೊಂಡರೆ ಅದು ನ್ಯಾಯವಲ್ಲ. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ದಕ್ಷಿಣದ ಸಭೆಗಳಿಗೆ ಕಾಗದ ಬರೆದು ಜಾತಿಭೇದ ಬಿಡಿ ಅಂದಿದ್ದರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಇಗರ್ಜಿಯಲ್ಲಿ ಜಾತಿಜಾತಿಗಳ ನಡುವೆ ಗೋಡೆಯೇ ಇತ್ತು, ಅದನ್ನು ಕೆಡವಿದ್ದು 1910ರಲ್ಲಿ. ಇಟ್ಟಿಗೆಯ ಗೋಡೆ ಕೆಡವೋದು ಸುಲಭ.

ನಮ್ಮ ಕಾಲೋನಿಯ ಸಣ್ಣ ಸಭೆ ಮತ್ತು ಪಟ್ಟಣದ ದೊಡ್ಡ ಸಭೆ ಒಂದು ಕಾಲದಲ್ಲಿ ಒಂದಾದವು. ದೊಡ್ಡ ಸಭೆಯಲ್ಲಿ ಗುಮಾಸ್ತರು, ನರ್ಸುಗಳು, ಮೇಷ್ಟ್ರುಗಳು. ಹಿಂದೆ ಬೇರೆ ಜಾತಿಯಿಂದ ಬಂದವರು ಕೆಲವರು, ನಮ್ಮ ಜಾತಿಯಿಂದಲೇ ಬಂದು ಅದನ್ನು ಮರೆತವರು ಕೆಲವರು. ಡೀಕನಯ್ಯ ಪ್ರಭು ಭೋಜನದ ತಟ್ಟೆ ಹಿಡಿದು ಮೊದಲ ಸಾಲಿಗೆ ಹೋದಾಗ ಎರಡು ಮನೆಯವರು ಕೈ ಚಾಚಲಿಲ್ಲ. ಬೆಳಿಗ್ಗೆ ತಮ್ಮ ಬೀದಿಯ ಚರಂಡಿ ಎತ್ತಿದ ಕೈ ಅದು ಅಂತ ಅವರಿಗೆ ಗೊತ್ತಿತ್ತು. ವಾರದಲ್ಲೇ ಸಭೆಯ ದೊಡ್ಡವರು ಮೆತ್ತಗೆ ಬಂದು, "ಡೀಕನಯ್ಯಾ, ನಿಮಗೆ ವಯಸ್ಸಾಯ್ತು, ನಿಂತು ಹಂಚೋದು ಕಷ್ಟ. ಇನ್ನು ಮೇಲೆ ನೀವು ಕೂತು ಕಾಣಿಕೆ ಎಣಿಸಿಕೊಡಿ" ಅಂದರು.

"ನಾನು ಎಣಿಸಿದ ರೂಪಾಯಿ ನಿಮಗೆ ಆಗ್ತದೆ, ನಾನು ಕೊಟ್ಟ ರೊಟ್ಟಿ ಆಗಲ್ವಾ ಅಯ್ಯಗಾರೂ?" ಅಂತಷ್ಟೇ ಅವರು ಕೇಳಿದ್ದು. ಮುಂದಿನ ತಿಂಗಳೂ ತಟ್ಟೆ ಹಿಡಿದರು. ಕೈ ಚಾಚದವರ ಮುಂದೆ ನಿಂತರು. ಬೈಯಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಹಿಂದಿನ ಸಾಲಿನವರು ಕಾಯುತ್ತಾ ಕೂತರು. ಇಡೀ ಸಭೆ ಕಾಯಿತು. ಒಂದು ಮನೆಯ ಮುದುಕಿ ಕೊನೆಗೆ ಕೈ ಚಾಚಿದರು, ಅವರ ಹಿಂದೆ ಮನೆಯವರೆಲ್ಲ. ಇನ್ನೊಂದು ಮನೆಯವರು ಎದ್ದು ಹೋದರು, ಮತ್ತೆ ಬರಲಿಲ್ಲ. ಸಭೆ ಒಡೆದ ಅಂತ ಡೀಕನಯ್ಯನ ಮೇಲೆ ಮಾತು ಬಂತು. ಸಭೆಯನ್ನು ಒಡೆದದ್ದು ರೊಟ್ಟಿ ಹಿಡಿದು ನಿಂತವನೋ, ರೊಟ್ಟಿ ಬಿಟ್ಟು ಎದ್ದವನೋ? ಮಹಾಡದ ಕೆರೆಯ ನೀರಿಗೆ ಬಾಬಾಸಾಹೇಬರು 1927ರಲ್ಲಿ ಕೈಯಿಟ್ಟಾಗಲೂ ಊರಿನ ಶಾಂತಿ ಕೆಟ್ಟಿತು ಅಂತಲೇ ಅಂದಿದ್ದರು.

ಇದು ಒಳಗಿನ ಪೆಟ್ಟು. ಹೊರಗಿನ ಪೆಟ್ಟು ಸರ್ಕಾರದ್ದು. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೇ ಕಲಮು ಹಿಂದೂ ಅಲ್ಲದವರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತಗೊಂಡರು. ಕ್ರೈಸ್ತರಾದ, ಮುಸಲ್ಮಾನರಾದ ದಲಿತರು ಹೊರಗೇ ಉಳಿದರು. ಮದ್ರಾಸಿನ ರಸ್ತೆ ಬದಿ ಚಪ್ಪಲಿ ಹೊಲಿಯೋ ಸೂಸೈ ಅನ್ನೋ ಕ್ರೈಸ್ತ ಆದಿದ್ರಾವಿಡರು, ಚಮ್ಮಾರರಿಗೆ ಕೊಡೋ ಪೆಟ್ಟಿಗೆ ಅಂಗಡಿ ನನಗ್ಯಾಕಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಅವರ ಅರ್ಜಿ ಬಿದ್ದುಹೋಯಿತು. ಧರ್ಮ ಬದಲಾದ ಮೇಲೂ ಅದೇ ಕಷ್ಟ ಅದೇ ತೀವ್ರತೆಯಲ್ಲಿ ಇದೆ ಅನ್ನೋದಕ್ಕೆ ಆಧಾರ ಸಾಲದು ಅಂದಿತು ಕೋರ್ಟು. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಜಾತಿಪಟ್ಟಿಗೂ ಧರ್ಮಕ್ಕೂ ಗಂಟು ಹಾಕಬೇಡಿ ಅಂತ ಶಿಫಾರಸು ಮಾಡಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ನೇಮಕವಾಯಿತು. ಆಯೋಗಗಳಿಗೆ ಕುರ್ಚಿ ಸಿಗುತ್ತದೆ, ಸೂಸೈಗೆ ಪೆಟ್ಟಿಗೆ ಅಂಗಡಿ ಸಿಗಲಿಲ್ಲ.

ನಮ್ಮ ಕಾಲೋನಿಯಲ್ಲಿ ಎಷ್ಟೋ ಜನಕ್ಕೆ ಎರಡು ಹೆಸರು. ಪುರಸಭೆಯ ಪುಸ್ತಕದಲ್ಲಿ ಒಂದು, ಸಭೆಯ ಪುಸ್ತಕದಲ್ಲಿ ಒಂದು. ಅವರನ್ನು ಆಡಿಕೊಳ್ಳೋ ಹಕ್ಕು ಯಾರಿಗೂ ಇಲ್ಲ. ಹೊಟ್ಟೆಗೆ ಒಂದು ಹೆಸರು, ದೇವರಿಗೆ ಒಂದು ಹೆಸರು ಇಟ್ಟುಕೊಳ್ಳೋ ಹಾಗೆ ಮಾಡಿದ್ದು ಕಾನೂನು. ಡೀಕನಯ್ಯ ಮಗಳ ಸರ್ಟಿಫಿಕೇಟಿಗೆ ಹೋದಾಗ ಗುಮಾಸ್ತ, ಧರ್ಮದ ಕಡೆ ಏನು ಬರೀಲಿ ಅಂದ. ಡೀಕನಯ್ಯ ಇದ್ದದ್ದು ಇದ್ದ ಹಾಗೆ ಹೇಳಿದರು. "ಹಾಗಾದರೆ ನೀವು ಎಸ್ಸಿ ಅಲ್ಲ." "ಸ್ವಾಮಿ, ನಾಳೆ ಬೆಳಿಗ್ಗೆ ಚರಂಡಿ ಎತ್ತೋಕೆ ಯಾರನ್ನ ಕರೀತೀರಿ? ಆ ಕೆಲಸಕ್ಕೆ ನನ್ನ ಧರ್ಮ ಅಡ್ಡ ಬರ್ಲಿಲ್ವಲ್ಲ?" ಗುಮಾಸ್ತನ ಹತ್ತಿರ ಅದಕ್ಕೆ ಕಲಮು ಇರಲಿಲ್ಲ. ಮಗಳಿಗೆ ಹಾಸ್ಟೆಲ್ ಸೀಟು ಸಿಗಲಿಲ್ಲ. ಎಸ್ಸೆಸ್ಸೆಲ್ಸಿಗೆ ಓದು ನಿಂತು ಅಂಗನವಾಡಿ ಸೇರಿದಳು. ಅಪ್ಪನ ಮೇಲೆ ಆಕೆಗೆ ಸಿಟ್ಟಿತ್ತು, ಆ ಸಿಟ್ಟು ನ್ಯಾಯದ್ದೇ. ಒಬ್ಬನ ಸತ್ಯಕ್ಕೆ ಅವನ ಮಗಳು ಬೆಲೆ ಕೊಡಬೇಕಾದ ದೇಶದಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಲು ದೂರ ಹೋಗಬೇಕಿಲ್ಲ.

ಡೀಕನಯ್ಯ ನಿವೃತ್ತಿಯಾಗಿ ಹತ್ತು ವರ್ಷವೂ ಬದುಕಲಿಲ್ಲ. ಜೀವಮಾನವಿಡೀ ನುಂಗಿದ ಧೂಳು ಎದೆಯೊಳಗೆ ಕೂತಿತ್ತು. ಕೊನೆಯ ದಿನಗಳಲ್ಲಿ ಡಬ್ಬಿ ಮತ್ತು ಪುಸ್ತಕವನ್ನು ಗಂಡುಮಗನಿಗೆ ಕೊಡಲಿಲ್ಲ, ಪಾಸ್ಟರಿಗೂ ಕೊಡಲಿಲ್ಲ. ಗಂಡ ಸತ್ತು, ಅದೇ ಡಬ್ಬಿಯ ರಾಗಿಯಲ್ಲಿ ಮೂರು ಮಕ್ಕಳನ್ನು ಸಾಕಿದ ಒಬ್ಬ ಹೆಂಗಸಿನ ಕೈಗೆ ಕೊಟ್ಟರು. ಸಭೆಯವರು ಗೊಣಗಿದರು. ನಮಗೆ ಮಾತ್ರ ಆರನೇ ಅಧ್ಯಾಯ ಮುಗಿದ ಹಾಗಾಯಿತು.

ಮಣ್ಣಿನ ದಿನ ಚರ್ಚಿನವರು ಹಾಡಿದರು, ನಮ್ಮ ಸಂಘದ ಹುಡುಗರು ತಮಟೆ ಬಡಿದರು. ತಮಟೆ ಸೈತಾನನ ವಾದ್ಯ ಅಂತ ಸಭೆಯಲ್ಲಿ ನಿಷೇಧ ಇತ್ತು. "ಚರ್ಮ ಹದ ಮಾಡಿದೋರು ನಾವು, ಸದ್ದು ಯಾಕೆ ಸೈತಾನಂದಾಗ್ತದೆ?" ಅಂತ ಅವರೇ ಹಿಂದೆ ಒಮ್ಮೆ ಅಂದಿದ್ದರಿಂದ ಆ ದಿನ ಯಾರೂ ತಡೆಯಲಿಲ್ಲ. ಪಟ್ಟಣದವರು ಕಿಟಕಿಯಿಂದ ನೋಡಿದರು. ಅವತ್ತು ಕಾಲೋನಿಯವರು ಯಾರೂ ಹಾಜರಿ ಹಾಕಿರಲಿಲ್ಲ. ಬೀದಿ ಹಾಗೇ ಬಿದ್ದಿತ್ತು.

ಸಂಗಾತಿಗಳೇ, ನಾವು ಈ ಬರಹವನ್ನು ಒಬ್ಬ ಒಳ್ಳೇ ಮನುಷ್ಯನ ಗುಣಗಾನಕ್ಕೆ ಬರೆದಿಲ್ಲ. ಒಳ್ಳೆಯವರು ಎಲ್ಲಾ ಕೇರಿಯಲ್ಲೂ ಇದ್ದಾರೆ, ಅವರಿಂದ ಕೇರಿ ಬದಲಾಗಿಲ್ಲ. ಡೀಕನಯ್ಯನಿಂದ ನಾವು ತಗೊಂಡದ್ದು ಒಂದು ಪ್ರಶ್ನೆಯನ್ನು. ಹಂಚಿಕೆ ಎಲ್ಲಿ ನಡೆದರೂ, ಅದು ಅನ್ನವಿರಲಿ, ಜಮೀನಿರಲಿ, ಅಕ್ಷರವಿರಲಿ, ಸೌಟು ಯಾರ ಕೈಲಿದೆ ಅಂತ ಮೊದಲು ನೋಡಬೇಕು. ಆಮೇಲೆ ತಟ್ಟೆ ನೋಡಬೇಕು.

ಇದನ್ನು ಓದೋ ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮ ಮಾತು ಬಹಳ ಹತ್ತಿರದ್ದು. ಅಕ್ಷರ ದಾಸೋಹ ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾಯಿತು. ಅಡುಗೆಯವರನ್ನು ತಗೊಳ್ಳೋವಾಗ ದಲಿತರಿಗೆ, ಪರಿಶಿಷ್ಟ 'ಜಾತಿ', ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು 2004ರ ಏಪ್ರಿಲ್ 20ರಂದು ಹೇಳಿತು. ಯೆರೂಸಲೇಮಿನ ಆ ಹಳೇ ತೀರ್ಮಾನ ಇದೇ ಅಲ್ಲವೇ? ಆದರೂ ದಲಿತ ಹೆಂಗಸು ಬೇಯಿಸಿದಳು ಅಂತ ಮಕ್ಕಳಿಂದ ತಟ್ಟೆ ಬಿಡಿಸಿ ಕರಕೊಂಡು ಹೋದ ತಂದೆತಾಯಿಗಳ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ಅಂಥ ದಿನ ಊರಿನ ದೊಡ್ಡವರು ನಿಮ್ಮ ಹತ್ತಿರ ಮೆತ್ತಗೆ ಬರುತ್ತಾರೆ. ಆಯಮ್ಮನನ್ನು ತೆಗೀಬೇಡಿ ಸಾರ್, ಬರೀ ಪಾತ್ರೆ ತೊಳೆಯೋಕೆ ಹಾಕಿ, ಬಡಿಸೋಕೆ ಬೇರೆಯವರನ್ನು ಹಾಕಿ ಅನ್ನುತ್ತಾರೆ. ಜಗಳ ಬೇಡ, ಇಸ್ಕೂಲು ಒಡೀಬಾರದು ಅನ್ನುತ್ತಾರೆ.

ಒಡೆಯಲಿ ಬಿಡಿ. ಸೌಟನ್ನು ಮಾತ್ರ ಆಕೆಯ ಕೈಯಿಂದ ತೆಗೀಬೇಡಿ. ಮೊದಲ ಸಾಲಿನ ಮುಂದೆ ಆಕೆ ನಿಲ್ಲಲಿ. ಆಕೆಯ ಪಕ್ಕದಲ್ಲಿ ತಟ್ಟೆ ಹಿಡಿದು ಮೊದಲು ನೀವು ನಿಲ್ಲಿ.